ಅತ್ತೆಯ ಮಾತು ಹುಡುಕಿಕೊಂಡು ಹಾಫ್ ಮೂನ್ ಬೇಗೆ

ಅಕ್ಟೋಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿನಿಂದ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೋಗಬೇಕಾಗಿದ್ದ ಊರು ಹಾಫ್ ಮೂನ್ ಬೇ, ನಲವತ್ತೆರಡು ಮೈಲಿ. ಎಂಬತ್ತರ ದಶಕದ ನಡುವಿನ ಮಾತು ಇದು. ನನಗೆ ಡ್ರೈವಿಂಗ್ ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು. ಗ್ರೋಸರಿ ಅಂಗಡಿ ಮತ್ತು ಲೈಬ್ರರಿ ಬಿಟ್ಟರೆ ಮೂರನೆಯ ಜಾಗಕ್ಕೆ ಒಬ್ಬಳೇ ಕಾರು ಓಡಿಸಿದವಳಲ್ಲ. ಫ್ರೀವೇ ಹತ್ತುತ್ತಿದ್ದದ್ದು ಗಂಡ ಪಕ್ಕದಲ್ಲಿ ಕೂತು ‘ಬ್ರೇಕು, ಬ್ರೇಕು’ ಎಂದು ಕೂಗುತ್ತಿದ್ದರೆ ಮಾತ್ರ. ಆ ದಿನ ನಮ್ಮವರು ಕಾರನ್ನು ನನಗೆ ಬಿಟ್ಟು, ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗಿದ್ದರು. ಮೀಟಿಂಗು ಇದೆ ಎಂದರು. ಮೀಟಿಂಗು ನಿಜವೇ ಇರಬಹುದು, ಆದರೆ ಅಂಥ ಸಮಯಕ್ಕೆ ಸರಿಯಾಗಿ ಮೀಟಿಂಗು ಬರುವ ಅದೃಷ್ಟ ಗಂಡಸರಿಗೆ ಮಾತ್ರ.

ಹೊರಟ ಕಾರಣ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಮಂಡ್ಯದಲ್ಲಿ ಮಾವ ತೀರಿಕೊಂಡರು. ನಮ್ಮವರು ವಿಮಾನ ಹಿಡಿದು ಊರು ಮುಟ್ಟುವಷ್ಟರಲ್ಲಿ ಮೂರನೆಯ ದಿನ, ಎಲ್ಲ ಮುಗಿದಿತ್ತು. ಜೂನ್‌ನಲ್ಲಿ ಅತ್ತೆಯನ್ನು ಇಲ್ಲಿಗೆ ಕರೆತಂದೆವು. ಮಂಡ್ಯದಲ್ಲಿ ಹಾಲಿನವನ ಜೊತೆ ಅವರು ಮಾತಾಡಿದರೆ ಬೀದಿಯ ಆ ತುದಿಯವರೂ ಅವತ್ತಿನ ಹಾಲು ಹೇಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಅಂಥವರ ಮಾತು ಇಲ್ಲಿಗೆ ಬಂದ ಮೇಲೆ ದಿನದಿನಕ್ಕೆ ಇಂಗುತ್ತಾ ಹೋಯಿತು. ಆಗಸ್ಟ್ ಹೊತ್ತಿಗೆ ‘ಹೂಂ’, ‘ಬೇಡ’, ‘ಸಾಕು’ ಇಷ್ಟೇ ಉಳಿದವು. ಊಟ ಅರ್ಧ ಚಪಾತಿಗೆ ಇಳಿಯಿತು. ಕಿಟಕಿಯ ಪಕ್ಕ ಕೂತು ಪಾರ್ಕಿಂಗ್ ಲಾಟನ್ನು ನೋಡುವುದೇ ಅವರ ದಿನಚರಿಯಾಯಿತು.

ಮೌಂಟನ್ ವ್ಯೂದಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರು ರಕ್ತ, ಎದೆ, ಹೊಟ್ಟೆ ಎಲ್ಲ ಪರೀಕ್ಷೆ ಮಾಡಿ, ದೇಹದಲ್ಲಿ ಕಾಯಿಲೆ ಏನೂ ಇಲ್ಲ ಎಂದರು. ಒಂದು ಚೀಟಿಯಲ್ಲಿ ಮೂರು ಹೆಸರು ಬರೆದುಕೊಟ್ಟರು. ಮೂವರೂ ಲೈಸೆನ್ಸ್‌ಡ್ ಕ್ಲಿನಿಕಲ್ ಸೋಷಿಯಲ್ ವರ್ಕರ್‌ಗಳಂತೆ. ನನಗೆ ಗೊತ್ತಿದ್ದ ಸೋಷಿಯಲ್ ವರ್ಕರ್‌ಗಳು ಊರಿನ ಮಹಿಳಾ ಸಮಾಜದಲ್ಲಿ ಹೊಲಿಗೆ ಮಿಷನ್ನು ಹಂಚಿ ಹಾರ ಹಾಕಿಸಿಕೊಳ್ಳುತ್ತಿದ್ದವರು. ಇವರು ಬೇರೆ ಥರ, ಮನಸ್ಸಿಗೆ ಭಾರವಾದವರ ಜೊತೆ ಕೂತು ಮಾತಾಡುವುದಕ್ಕೆಂದೇ ಓದಿ, ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸ್ ಪಡೆದವರು ಎಂದು ಡಾಕ್ಟರು ವಿವರಿಸಿದರು.

“ಮಾತಾಡೋಕೂ ಲೈಸೆನ್ಸಾ?” ಎಂದರು ನಮ್ಮವರು. “ನಮ್ಮಮ್ಮ ಅರವತ್ತು ವರ್ಷ ಲೈಸೆನ್ಸ್ ಇಲ್ದೇನೇ ಮಾತಾಡಿದಾರೆ.”

ಚೀಟಿಯ ಮೊದಲ ಇಬ್ಬರಿಗೆ ಫೋನು ಮಾಡಿದೆ. ಕ್ರಿಸ್‌ಮಸ್ ಕಳೆಯುವವರೆಗೆ ಪುರುಸೊತ್ತಿಲ್ಲ ಎಂದರು. ಮೂರನೆಯಾಕೆ ಹಾಫ್ ಮೂನ್ ಬೇಯಲ್ಲಿ ಇರುವವರು, ಹೆಸರು ಡೋರತಿ. ಅವರು ಮುಂದಿನ ಗುರುವಾರ ಹನ್ನೊಂದಕ್ಕೆ ಬನ್ನಿ ಎಂದುಬಿಟ್ಟರು. ಅಷ್ಟು ದೂರವಾ ಎಂದು ನಾನು ಗೊಣಗಿದರೆ ನಮ್ಮವರಿಗೆ ಖುಷಿಯೋ ಖುಷಿ. “ದೂರ ಇದ್ರೇನೇ ಒಳ್ಳೇದು ಕಣೇ. ಅಲ್ಲಿ ನಮ್ಮ ಕನ್ನಡದವರು ಯಾರೂ ಇಲ್ಲ. ಇಲ್ಲೇ ತೋರಿಸಿದ್ರೆ ದೀಪಾವಳಿ ಪಾರ್ಟಿ ಹೊತ್ತಿಗೆ ಎಲ್ಲರ ಬಾಯಲ್ಲೂ ನಮ್ಮಮ್ಮನೇ.” ಇದರಿಂದಲೂ ಗುಣ ಕಾಣದಿದ್ದರೆ ಅಮ್ಮನನ್ನು ಮೈಸೂರಿನಲ್ಲಿರುವ ಅಣ್ಣನ ಮನೆಗೆ ಕಳಿಸುವುದು ಎಂದೂ ಅವರು ತೀರ್ಮಾನಿಸಿದ್ದರು. ಟ್ರಾವೆಲ್ ಏಜೆಂಟನ್ನು ವಿಚಾರಿಸಿಯೂ ಆಗಿತ್ತು. ನನಗೂ ಒಳಗೊಳಗೆ ಅದೇ ಬೇಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮಾತಾಡದ ಅತ್ತೆಯ ಜೊತೆ ಎರಡು ಬೆಡ್‌ರೂಮಿನ ಮನೆಯಲ್ಲಿ ಎರಡು ತಿಂಗಳು ಕಳೆದವರಿಗೆ ನನ್ನ ಕಷ್ಟ ಗೊತ್ತಾಗುತ್ತದೆ. ಬೈಯುವ ಅತ್ತೆಯಾದರೆ ತಿರುಗಿ ಏನಾದರೂ ಅನ್ನಬಹುದು.

ಅತ್ತೆಗೆ ನಾವು ಹೇಳಿದ್ದು ಸಮುದ್ರ ನೋಡಲು ಹೋಗುತ್ತಿದ್ದೇವೆ, ದಾರಿಯಲ್ಲಿ ಪರಿಚಯದ ಹೆಂಗಸೊಬ್ಬರನ್ನು ಮಾತಾಡಿಸಿಕೊಂಡು ಹೋಗುತ್ತೇವೆ ಎಂದು. ಅವರು ‘ಹೂಂ’ ಎಂದರು. ಒಳಗೆ ಹೋಗಿ ಆರು ಕಿತ್ತಳೆ ಹಣ್ಣನ್ನು ಕಾಗದದ ಚೀಲಕ್ಕೆ ಹಾಕಿಕೊಂಡು ಬಂದರು. ಬರಿಗೈಯಲ್ಲಿ ಯಾರ ಮನೆಗೂ ಹೋದವರಲ್ಲ ಅವರು.

ಹದಿನೇಳನೆಯ ನಂಬರಿನ ಹೆದ್ದಾರಿಯಿಂದ ಇನ್ನೂರೆಂಬತ್ತನೆಯದಕ್ಕೆ ಸೇರುವಾಗ ನಾನು ಕಣ್ಣು ಮುಚ್ಚಿಕೊಂಡೆನೋ ಏನೋ, ಮುಂದೆ ಹೇಗೋ ಫ್ರೀವೇ ಮೇಲಿದ್ದೆ. ಐವತ್ತೈದು ಮೈಲಿ ವೇಗಕ್ಕೆ ಅನುಮತಿ ಇದ್ದ ದಾರಿಯಲ್ಲಿ ನಾನು ನಲವತ್ತರಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಬಂದ ಲಾರಿಗಳು ಹಾರ್ನು ಹೊಡೆದು ಮುಂದೆ ಹೋದವು. ಬಲತುದಿಯ ಲೇನು ಕ್ಷೇಮ ಎಂದು ಅದನ್ನೇ ಹಿಡಿದುಕೊಂಡರೆ, ಆ ಲೇನು ನನ್ನನ್ನು ಕೇಳದೆ ಫ್ರೀವೇಯಿಂದ ಹೊರಕ್ಕೆ ಕರೆದುಕೊಂಡು ಹೋಯಿತು. ಒಂದು ಪೆಟ್ರೋಲ್ ಬಂಕಿನ ಸುತ್ತ ತಿರುಗಿ ಮತ್ತೆ ಹತ್ತಿದೆ. ಆರು ಮೈಲಿ ದಾಟಿದ ಮೇಲೆ ಮತ್ತದೇ ಕತೆ. ಎರಡನೆಯ ಸಲ ಹೊರಬಿದ್ದಾಗ ಅತ್ತೆಯ ಕಡೆ ನೋಡಿದೆ. ಕಿತ್ತಳೆ ಚೀಲ ತಬ್ಬಿಕೊಂಡು ತುಟಿ ಅಲ್ಲಾಡಿಸುತ್ತಿದ್ದರು. ಆಗಸ್ಟಿನ ಈಚೆಗೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು, ಅದೂ ದೇವರ ಜೊತೆ.

ಮುಂದೆ ದಾರಿ ಚೆನ್ನಾಗಿತ್ತು. ಎಡಕ್ಕೆ ಗುಡ್ಡದ ಬುಡದಲ್ಲಿ ಉದ್ದನೆಯ ಕೆರೆ, ಅದರ ಮೇಲೆ ಹತ್ತಿ ಎಳೆದಂತೆ ಮಂಜು. ತೊಂಬತ್ತೆರಡನೆಯ ನಂಬರಿನ ರಸ್ತೆಗೆ ತಿರುಗಿ, ಗುಡ್ಡ ಹತ್ತಿ ಆ ಕಡೆ ಇಳಿಯುವಾಗ ಕ್ಯಾಂಪ್‌ಬೆಲ್ಲಿನ ಬಿಸಿಲೆಲ್ಲ ಮಾಯವಾಗಿ ಚಳಿ ಹಿಡಿಯಿತು. ರಸ್ತೆಯ ಎರಡೂ ಕಡೆ ಹೊಲ, ಹೊಲದ ತುಂಬ ಕಿತ್ತಳೆ ಬಣ್ಣದ ಕುಂಬಳಕಾಯಿ. ಸಾವಿರಗಟ್ಟಲೆ ಕಾಯಿ ಹಾಗೇ ಬಿದ್ದುಕೊಂಡಿದ್ದವು. ಅತ್ತೆ ಕಿಟಕಿಗೆ ಮೂಗು ತಾಗಿಸಿ ನೋಡಿದರೇ ಹೊರತು ಏನೂ ಅನ್ನಲಿಲ್ಲ.

ಹಾಫ್ ಮೂನ್ ಬೇ ಎಂದರೆ ಒಂದು ಮುಖ್ಯ ಬೀದಿ, ಅದಕ್ಕೆ ಅಂಟಿಕೊಂಡ ನಾಲ್ಕು ಅಡ್ಡಬೀದಿ. ಹತ್ತೂಮುಕ್ಕಾಲಿಗೆ ಕಾರು ನಿಲ್ಲಿಸಿದೆವು. ಚೀಟಿಯಲ್ಲಿದ್ದ ನಂಬರಿನ ಕಟ್ಟಡ ಮಾತ್ರ ಕಾಣಲಿಲ್ಲ. ಕೋಳಿ ಮತ್ತು ಕುದುರೆಗಳ ಮೇವು ಮಾರುವ ಅಂಗಡಿಯೊಂದಕ್ಕೆ ಹೋಗಿ, ಸುತ್ತಲೂ ನೋಡಿ, ತಗ್ಗಿದ ದನಿಯಲ್ಲಿ ಡೋರತಿಯವರ ಆಫೀಸು ಎಲ್ಲಿ ಎಂದು ಕೇಳಿದೆ. ಅಂಗಡಿಯಾತ ಬಾಗಿಲಿಗೆ ಬಂದು, ಎದುರು ಬದಿಯ ಬೇಕರಿಯವಳಿಗೆ ಕೇಳುವಂತೆ ಕೂಗಿದ: “ಈ ಹೆಂಗಸರು ಡೋರತಿ ಹತ್ತಿರ ಬಂದಿದಾರೆ! ಕೌನ್ಸೆಲಿಂಗಿಗೆ! ಅವಳು ಬಂದಳಾ?” ಬೇಕರಿಯವಳು ಅಷ್ಟೇ ಗಟ್ಟಿಯಾಗಿ, ಬಂದಿದ್ದಾಳೆ, ಈಗ ತಾನೇ ಬ್ರೆಡ್ಡು ತೆಗೆದುಕೊಂಡು ಹೋದಳು ಎಂದಳು. ನಡುವೆ ಹೋಗುತ್ತಿದ್ದ ಅಂಚೆಯವ ನಮ್ಮನ್ನು ಮೆಟ್ಟಿಲವರೆಗೆ ಬಿಟ್ಟುಬಂದ. ದಾರಿಯುದ್ದಕ್ಕೂ ಹೆದರಬೇಡಿ, ನನ್ನ ಹೆಂಡತಿಗೂ ಅವಳಿಂದಲೇ ಒಳ್ಳೆಯದಾದದ್ದು ಎಂದು ಧೈರ್ಯ ಹೇಳಿದ. ಗುಟ್ಟು ಕಾಯಲೆಂದು ನಮ್ಮವರು ಆರಿಸಿದ ಊರು ಇದು.

ಡೋರತಿಯವರ ಆಫೀಸು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿತ್ತು. ಅರವತ್ತರ ಆಚೀಚೆಯ ಹೆಂಗಸು, ಕೈಯಲ್ಲಿ ಹೆಣೆದ ಸ್ವೆಟರು, ಗೋಡೆಯ ಮೇಲೆ ಕಟ್ಟು ಹಾಕಿಸಿದ ಲೈಸೆನ್ಸು. ಅತ್ತೆ ಕಿತ್ತಳೆ ಚೀಲ ಮುಂದೆ ಚಾಚಿದರು. ಬಂದವರಿಂದ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ಆಕೆ ಹೇಳಿದ್ದನ್ನು ನಾನು ಅನುವಾದಿಸುವ ಮೊದಲೇ ಅತ್ತೆ ಚೀಲವನ್ನು ಮೇಜಿನ ಮೇಲೆ ಇಟ್ಟು ಕೂತಾಗಿತ್ತು. ಆಕೆ ಸ್ವಲ್ಪ ಯೋಚಿಸಿ ಮೂರು ತಟ್ಟೆ ತಂದರು. ಇಲ್ಲೇ ಎಲ್ಲರೂ ತಿನ್ನೋಣ ಎಂದರು. ಆಕೆ ಜಾಣೆ ಎಂದು ನನಗೆ ಆಗಲೇ ಅನ್ನಿಸಿತು.

“ನಿಮ್ಮ ಅತ್ತೆಗೆ ಹೇಗನ್ನಿಸುತ್ತಿದೆ?” ಎಂದು ಕೇಳಿದರು. ನಾನು ಶುರುಮಾಡಿದೆ. ಊಟ ಮಾಡಲ್ಲ, ನಿದ್ದೆ ಇಲ್ಲ, ಮಾತಿಲ್ಲ, ಊರಿಗೆ ಹೋಗಬೇಕು ಅನ್ನಿಸಿರಬಹುದು, ಇಲ್ಲಿನ ಚಳಿ ಒಗ್ಗಿಲ್ಲ. ಹತ್ತು ನಿಮಿಷ ಹೇಳಿದೆ. ನಮ್ಮಲ್ಲಿ ಡಾಕ್ಟರ ಹತ್ತಿರ ಹೋದಾಗ ರೋಗಿ ನಾಲಗೆ ಚಾಚುವುದು ಮಾತ್ರ, ಹೇಳುವುದೆಲ್ಲ ಜೊತೆಯಲ್ಲಿ ಬಂದವರೇ. ಆಕೆ ತಾಳ್ಮೆಯಿಂದ ಕೇಳಿ, “ಇದೆಲ್ಲ ಅವರು ನಿಮಗೆ ಹೇಳಿದ್ದಾ?” ಎಂದರು. ಇಲ್ಲ ಎಂದೆ. “ನೀವು ಕೇಳಿದ್ದಿರಾ?” ಇಲ್ಲ ಎಂದೆ. ಅತ್ತೆಗೆ ನೋವಾಗುತ್ತದೆಂದು ನಾವು ಏನನ್ನೂ ಕೇಳುತ್ತಿರಲಿಲ್ಲ. ಮಾವನ ಫೋಟೋವನ್ನೂ ಅದೇ ಕಾರಣಕ್ಕೆ ಬೀರುವಿನಲ್ಲಿ ಇಟ್ಟಿದ್ದೆವು.

ಆಗ ಆಕೆ ಒಂದು ನಿಯಮ ಮಾಡಿದರು. ಇನ್ನು ಮುಂದೆ ನಾನು ಸೊಸೆಯಲ್ಲ, ದುಭಾಷಿ. ಆಕೆ ಕೇಳಿದ್ದನ್ನು ಕನ್ನಡದಲ್ಲಿ ಹೇಳಬೇಕು, ಅತ್ತೆ ಹೇಳಿದ್ದನ್ನು ಅತ್ತೆಯೇ ಆಡಿದ ಹಾಗೆ ಇಂಗ್ಲಿಷಿನಲ್ಲಿ ಹೇಳಬೇಕು. ಸೇರಿಸುವುದು, ಬಿಡುವುದು ಕೂಡದು. ಸರಿ ಎಂದೆ.

ಮೊದಲ ಪ್ರಶ್ನೆ, ನಿಮ್ಮ ಯಜಮಾನರ ಹೆಸರೇನು? ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಗಂಡನ ಹೆಸರನ್ನು ಅವರು ಹೇಳುವುದಿಲ್ಲ, ಮಾವನ ಹೆಸರನ್ನು ನಾನು ಹೇಳುವುದಿಲ್ಲ. ಇಬ್ಬರೂ ನೆಲ ನೋಡಿದೆವು. ಆ ಮನುಷ್ಯನ ಹೆಸರೇ ಇವರಿಗೆ ಮರೆತಿದೆ ಎಂದು ಡೋರತಿ ಅಂದುಕೊಂಡಿರಬೇಕು, ಬರೆಯುತ್ತಿದ್ದ ಕೈ ನಿಲ್ಲಿಸಿದರು. ಕೊನೆಗೆ ನಾನು ಒಂದು ಚೂರು ಕಾಗದದ ಮೇಲೆ ಬರೆದು ಕೊಟ್ಟೆ. ಆಕೆ ಅದನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಚೆನ್ನಮಲ್ಲಪ್ಪ ಎಂಬ ಹೆಸರು ಆ ಬಾಯಲ್ಲಿ ಏನೇನೋ ಆಯಿತು. ಆದರೂ ಅತ್ತೆಯ ಕಣ್ಣು ತುಂಬಿತು. ಏಪ್ರಿಲ್‌ನಿಂದ ಆ ಹೆಸರನ್ನು ಅವರ ಎದುರು ಯಾರೂ ಆಡಿರಲಿಲ್ಲ.

“ಅವರಿಗೆ ಏನಾಯಿತು?” ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಬಾಯಿ ಬಿಟ್ಟರು: “ನನ್ ಗಂಡ ಹೋಗ್ಬುಟ್ರು.”

ನಾನು ಇಂಗ್ಲಿಷಿನಲ್ಲಿ ಅವರ ಗಂಡ ತೀರಿಕೊಂಡರು ಎಂದೆ. ಡೋರತಿ ಬೆರಳೆತ್ತಿದರು. “ಅವರು ಹೇಗೆ ಹೇಳಿದರೋ ಹಾಗೆ ಹೇಳಿ.” ಮೆನ್ಲೋ ಪಾರ್ಕಿನಲ್ಲಿ ಗಂಡ ಗುಂಡುಕಲ್ಲಿನ ಹಾಗೆ ಕೂತಿರುವಾಗ ನಾನು ಆ ಮಾತನ್ನು ಆಡುವುದು ಹೇಗೆ? ಇದು ನಿಯಮ, ಬರೀ ಅನುವಾದ ಎಂದು ಸಮಾಧಾನ ಹೇಳಿಕೊಂಡು, ಸೆರಗಿನೊಳಗೆ ತಾಳಿ ಗಟ್ಟಿಯಾಗಿ ಹಿಡಿದು, “ಮೈ ಹಸ್ಬೆಂಡ್ ಈಸ್ ಡೆಡ್” ಎಂದೆ.

ಅತ್ತೆ ಹೈಸ್ಕೂಲು ಮೆಟ್ಟಿಲು ಹತ್ತಿ ಇಳಿದವರು. ಅಷ್ಟು ಇಂಗ್ಲಿಷು ಅವರಿಗೆ ಬರುತ್ತಿತ್ತು. ಕುರ್ಚಿಯಿಂದ ಎದ್ದೇಬಿಟ್ಟರು.

“ಥೂ! ಏನ್ ಮಾತು ಆಡ್ತೀಯೇ ವನಜಾ! ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!”

“ಬಿಡ್ತು,” ಎಂದೆ.

“ಮೂರ್ ಸಲ ಅನ್ನು!”

“ಬಿಡ್ತು, ಬಿಡ್ತು, ಬಿಡ್ತು.”

“ಗುರುವಾರದ ದಿನ, ತುಂಬಿದ್ ಮುತ್ತೈದೆ, ಹಿಂಗಾ ಅನ್ನೋದು? ನನ್ ಮಗ ಅಲ್ಲಿ ನೆಮ್ಮದಿಯಾಗವ್ನೆ. ಈಯಮ್ಮಂಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಇಲ್ವಾ?” ಆಮೇಲೆ ಡೋರತಿಯ ಕಡೆ ತಿರುಗಿ, ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿ, “ಶೀ ನೋ. ಮೀ! ಮೈ ಹಸ್ಬೆಂಡ್!” ಎಂದು ಎದೆ ಮುಟ್ಟಿಕೊಂಡರು.

ಮಂಡ್ಯದ ಬೀದಿಯ ತುದಿ ಮುಟ್ಟುತ್ತಿದ್ದ ದನಿ ಅದು. ಕೆಳಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದವರು ನಿಲ್ಲಿಸಿದರು. ಡೋರತಿ ಬೆದರಲಿಲ್ಲ. ಏನಾಯಿತು ಎಂದು ನನ್ನನ್ನು ಕೇಳಿದರು, ಹೇಳಿದೆ. ಆಕೆ ಕೈ ಮುಗಿದು ಅತ್ತೆಯ ಕ್ಷಮೆ ಕೇಳಿದರು. ತನ್ನ ಮೂವತ್ತು ವರ್ಷದ ಕೆಲಸದಲ್ಲಿ ಇಂಥ ತಪ್ಪು ಮಾಡಿರಲಿಲ್ಲ, ಈ ನಿಯಮ ನಿಮ್ಮ ಮನೆಗೆ ಬೇಡ ಎಂದರು. ಆಮೇಲೆ ನಾನು ‘ಅತ್ತೆ ಹೇಳುತ್ತಾರೆ’ ಎಂದೇ ಹೇಳಿಕೊಂಡು ಹೋದೆ. ಹೇಳುವುದೂ ಬಹಳ ಇತ್ತು. ನಾನು ಮಾಡುವ ಇನ್‌ಸ್ಟಂಟ್ ಕಾಫಿ ಕಷಾಯದ ಹಾಗಿರುತ್ತದೆ. ಕಾರ್ಪೆಟ್ಟು ಒದ್ದೆ ನಾಯಿಯ ವಾಸನೆ ಬರುತ್ತದೆ. ಸೊಸೆ ‘ನೀವು ಕೂತ್ಕೊಳಿ ಅತ್ತೆ’ ಎನ್ನುವುದನ್ನು ಕೇಳಿ ಕೇಳಿ ಸೊಂಟ ಹಿಡಿದಿದೆ. ಅಡುಗೆಮನೆ ಸೊಸೆಯದು, ಕರೆಯದೆ ಒಳಗೆ ಹೋಗಬಾರದೆಂದು ಅವರು ಕಾದಿದ್ದಾರೆ. ದೊಡ್ಡವರಿಗೆ ಕೆಲಸ ಹೇಳಬಾರದೆಂದು ನಾನು ಕರೆದಿಲ್ಲ. ನನ್ನ ಮೇಲಿನ ದೂರುಗಳನ್ನು ನಾನೇ ಒಳ್ಳೆಯ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ನಡುವೆ ಒಂದೆರಡನ್ನು ಮೆತ್ತಗೆ ಮಾಡಲು ನೋಡಿದರೆ ಅತ್ತೆ ಅನುಮಾನದಿಂದ ನೋಡುತ್ತಿದ್ದರು.

ಐವತ್ತು ನಿಮಿಷ ಮುಗಿದಾಗ ಡೋರತಿ, ಎರಡು ವಾರ ಬಿಟ್ಟು ಬರುತ್ತೀರಾ ಎಂದು ನೇರವಾಗಿ ಅತ್ತೆಯನ್ನೇ ಕೇಳಿದರು. ಅತ್ತೆ, “ಎಸ್” ಎಂದು ನನ್ನ ಅನುವಾದಕ್ಕೆ ಕಾಯದೆ ಎದ್ದರು.

ಸಮುದ್ರ ನೋಡುವುದು ನೆಪವಾಗಿದ್ದರೂ ನೋಡದೆ ಹೋಗುವುದು ಬೇಡವೆಂದು ದಂಡೆಗೆ ಹೋದೆವು. ನೀರು ಬೂದು ಬಣ್ಣ, ಗಾಳಿಗೆ ಸೀರೆ ನಿಲ್ಲುತ್ತಿರಲಿಲ್ಲ. ಕಾರಿನೊಳಗೇ ಕೂತು ಡಬ್ಬಿ ಬಿಚ್ಚಿದೆವು. ಚಿತ್ರಾನ್ನ ಮತ್ತು ಮೊಸರನ್ನ. ಅತ್ತೆ ಎರಡೂ ಡಬ್ಬಿಯಲ್ಲಿ ಮುಕ್ಕಾಲು ಪಾಲು ತಿಂದರು. ಉಪ್ಪು ಕಡಿಮೆ ಎಂದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

“ಇದೆಲ್ಲ ನಂಗೆ ಗೊತ್ತಿತ್ತು ಕಣೇ,” ಎಂದರು ಕೈ ಒರೆಸಿಕೊಳ್ಳುತ್ತಾ. “ನನ್ ಮಗ ರಘು ಫೋನಲ್ಲಿ ಎಲ್ಲಾನೂ ಮಾತಾಡ್ತಿದ್ದ, ಈಯಮ್ಮಂದೂ, ಮೈಸೂರಿಂದೂ. ಬಾಯಿ ನಿಂತಿತ್ತು, ಕಿವಿ ನಿಂತಿರ್ಲಿಲ್ಲ.”

ಆಮೇಲೆ ಸಮುದ್ರ ನೋಡುತ್ತಾ, ಡೋರತಿಯ ಎದುರು ಆಡದ ಒಂದು ಮಾತು ಹೇಳಿದರು. ಮಾವ ಹೋದ ಮಧ್ಯಾಹ್ನ ಮಂಡ್ಯದಲ್ಲಿ ಕಾದ ಕಾವಲಿಯಂಥ ಸೆಖೆ. ಮಂಚದ ಮೇಲೆ ಮಲಗಿದ್ದ ಮಾವ, “ಫ್ಯಾನ್ ಆರ್ಸೇ, ಚಳಿ ಆಯ್ತದೆ” ಎಂದರಂತೆ. ಈ ಸೆಖೆಯಲ್ಲಿ ಎಂಥ ಚಳಿ ಎಂದು ಇವರು ರೇಗಿ, ಆರಿಸದೆ ಅಡುಗೆಮನೆಗೆ ಹೋದರಂತೆ. ಬಂದು ನೋಡಿದರೆ ಮಾವ ಇರಲಿಲ್ಲ. “ಅದೇ ಅವ್ರ ಕಡೇ ಮಾತು. ಅದನ್ನೂ ನಾನು ನಡೆಸ್ಲಿಲ್ಲ. ರಘು ಬಂದ್ ದಿವಸದಿಂದ ಕಾಯ್ತಿವ್ನಿ. ಕಡೇಲಿ ಅಪ್ಪ ಏನಂದ್ರು ಅಂತ ಕೇಳಿದ್ರೆ ಏನ್ ಹೇಳ್ಲಿ? ಬಾಯಿ ಬಿಟ್ರೆ ಅದೇ ಬಂದ್ಬುಡ್ತದೆ ಅಂತ ಬಾಯೇ ಬಿಡ್ಲಿಲ್ಲ.” ಡಬ್ಬಿಯ ಮುಚ್ಚಳ ಒತ್ತುತ್ತಾ, “ನೀನೇ ಅವ್ನಿಗೆ ಹೇಳು. ಈಗ ಚೆಂದಾಗಿ ಹೇಳೋದು ಕಲ್ತಿದೀಯಲ್ಲ,” ಎಂದರು.

ನನಗೆ ಇವರನ್ನು ವಿಮಾನ ಹತ್ತಿಸಲು ದಿನ ಎಣಿಸಿದ್ದು ನೆನಪಾಗಿ ನಾಚಿಕೆಯಾಯಿತು. “ನಾನು ಹೇಳಲ್ಲ ಅತ್ತೆ. ನನ್ ದುಭಾಷಿ ಕೆಲ್ಸ ಇವತ್ತಿಗೆ ಮುಗೀತು. ಅವರು ನಿಮ್ಮ ಮಗ, ಕನ್ನಡ ಬರುತ್ತೆ,” ಎಂದೆ.

ವಾಪಸು ಬರುವಾಗ ಕುಂಬಳದ ಹೊಲದ ಹತ್ತಿರ ಕಾರು ನಿಲ್ಲಿಸಲು ಹೇಳಿದರು. ಇಲ್ಲಿಯವರು ಇದನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಕಣ್ಣು, ಮೂಗು ಕೊರೆದು ಬಾಗಿಲಲ್ಲಿ ಇಡುತ್ತಾರೆ ಎಂದು ಹೇಳಿದೆ. ಅತ್ತೆಗೆ ಸಿಟ್ಟು ಬಂತು. ಅದರಲ್ಲಿ ಎಷ್ಟು ಜನಕ್ಕೆ ಪಲ್ಯ ಆಗುತ್ತದೆ ಎಂದು ಲೆಕ್ಕ ಹಾಕುತ್ತಾ ಅವರು ಗುಡ್ಡ ಹತ್ತಿಸಿದರು, ಮಾವ ಕುಂಬಳಕಾಯಿ ಪಲ್ಯಕ್ಕೆ ಮುಖ ಸಿಂಡರಿಸುತ್ತಿದ್ದುದನ್ನು ಹೇಳುತ್ತಾ ಇಳಿಸಿದರು. ಅವರ ಮಾತು ಕೇಳುತ್ತಾ ನಾನು ಐವತ್ತೈದರಲ್ಲಿ ಹೋಗುತ್ತಿದ್ದೇನೆಂದು ಗೊತ್ತಾದದ್ದು ಮನೆಯ ತಿರುವು ದಾಟಿ ಎರಡು ಮೈಲಿ ಮುಂದೆ ಬಂದ ಮೇಲೆ. ಮನೆ ತಲುಪಿದಾಗ ನಾಲ್ಕು ಗಂಟೆ.

ಆರು ಗಂಟೆಗೆ ನಮ್ಮವರು ಬಂದರು. ಶೂ ಬಿಚ್ಚುತ್ತಾ ನನ್ನನ್ನು ನೋಡಿ ಹುಬ್ಬು ಹಾರಿಸಿ, ಪಿಸುದನಿಯಲ್ಲಿ, “ಏನಂದ್ರು? ಅಮ್ಮ ಏನಾದ್ರೂ ಮಾತಾಡಿದ್ರಾ?” ಎಂದರು.

“ನನ್ನೇ ಕೇಳೋ,” ಎಂದರು ಅತ್ತೆ ಸೋಫಾದಿಂದ. “ಇಲ್ಲೇ ಇವ್ನಿ.”

ನಮ್ಮವರು ಒಂದು ಶೂ ಕೈಯಲ್ಲಿ ಹಿಡಿದು ಹಾಗೇ ನಿಂತರು. ಅತ್ತೆ ಬಾ ಎಂದು ಪಕ್ಕದಲ್ಲಿ ಜಾಗ ತೋರಿಸಿದರು. ಕೂತ ಮೇಲೆ ಮುಖ ನೋಡದೆ, ಒಂದೇ ಉಸಿರಿನಲ್ಲಿ, ಫ್ಯಾನಿನ ವಿಷಯವನ್ನೆಲ್ಲ ಹೇಳಿ ಮುಗಿಸಿದರು. ಆಮೇಲೆ, “ಈಗ ನನ್ನ ಮೈಸೂರಿಗೆ ಕಳಿಸ್ತೀಯೋ ಎಲ್ಲಿಗ್ ಕಳಿಸ್ತೀಯೋ ಕಳಿಸು,” ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಮ್ಮವರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಅಲ್ಲ, ಎರಡೂ.

“ಅಮ್ಮಾ, ನಾನಿದ್ದಿದ್ರೂ ಆರಿಸ್ತಿರ್ಲಿಲ್ಲ,” ಎಂದರು. “ನನಗೆ ಬುದ್ಧಿ ಬಂದಾಗಿಂದ ಅಪ್ಪ ಅಂದಿದ್ದು ಅದೊಂದೇ ಮಾತು. ಫ್ಯಾನ್ ಆರ್ಸು, ಫ್ಯಾನ್ ಆರ್ಸು. ನಮ್ಮನೇಲಿ ಯಾರು ಯಾವತ್ತು ಆರಿಸಿದ್ರು ಹೇಳು?”

ಅತ್ತೆ ಮಗನ ಮುಖ ನೋಡಿದರು. “ಒಂದ್ ಸಲಾನೂ ಇಲ್ಲ ಕಣೋ,” ಎಂದು ಜೋರಾಗಿ ನಕ್ಕರು. ನಗುತ್ತಾ ನಗುತ್ತಾ ಮಗನ ಹೆಗಲಿಗೆ ಒರಗಿ, ಏಪ್ರಿಲ್‌ನಿಂದ ಬಾಕಿಯಿದ್ದ ಅಳುವನ್ನೆಲ್ಲ ಪಕ್ಕದ ಅಪಾರ್ಟ್‌ಮೆಂಟಿನವರು ಗೋಡೆ ತಟ್ಟುವಷ್ಟು ಗಟ್ಟಿಯಾಗಿ ಅತ್ತರು.